ಹಾಸ್ಟೆಲ್ ಮೆಸ್ಸಿನ ಪಥ್ಯಕ್ಕೆ ವಾಟ್ಸಾಪ್ ಪೋಲ್, ಗೂಗಲ್ ಫಾರ್ಮ್, ಆಪ್‌ಶೀಟ್: ಯಾವುದು ಒಲೆಯವರೆಗೆ ತಲುಪುತ್ತದೆ?

ಗೋಧಿ ಆಗದವರು, ಹಾಲು ಆಗದವರು, ಕಡಲೆಕಾಯಿ ಅಲರ್ಜಿಯವರು, ಈರುಳ್ಳಿ-ಬೆಳ್ಳುಳ್ಳಿ ಮುಟ್ಟದ ಜೈನರು: ಇವರೆಲ್ಲ ಒಂದೇ ಮೆಸ್ಸಿನಲ್ಲಿ ಉಣ್ಣಬೇಕಾದಾಗ ಅಡುಗೆಮನೆಗೆ ಎರಡು ಸಂಗತಿ ಗೊತ್ತಿರಬೇಕು. ಯಾರಿಗೆ ಏನು ಆಗದು, ಇವತ್ತಿನ ಅಡುಗೆಗೆ ಏನೇನು ಬಿದ್ದಿದೆ. ನಮ್ಮ ಮೆಸ್ ಸಮಿತಿ ಬಳಸಿ ನೋಡಿದ ಮೂರು ಸಾಧನಗಳೂ ಮೊದಲನೆಯದನ್ನು ಸುಲಭವಾಗಿ ಕಲೆಹಾಕುತ್ತವೆ. ಬಣ್ಣ ಬಯಲಾಗುವುದು ಎರಡನೆಯದರಲ್ಲಿ.

ವಾಟ್ಸಾಪ್ ಪೋಲ್‌ಗೆ ಖರ್ಚಿಲ್ಲ, ಕಲಿಯುವುದೇನೂ ಇಲ್ಲ. ಆದರೆ 12 ಆಯ್ಕೆಗಳೇ ಮಿತಿ, ಮತ ಹಾಕಿದವರ ಹೆಸರು ಗುಂಪಿಗೆಲ್ಲ ಕಾಣುತ್ತದೆ. ಸಕ್ಕರೆ ಕಾಯಿಲೆ ಇರುವ ಹುಡುಗ ಅಲ್ಲಿ ಒತ್ತುವುದಿಲ್ಲ. 'ರಾತ್ರಿ ಏಕಾದಶಿ ಫಲಾಹಾರ ಎಷ್ಟು ಜನಕ್ಕೆ?' ಎಂದು ಕೇಳಲು ಸಾಕು, ಅಷ್ಟೇ.

ಗೂಗಲ್ ಫಾರ್ಮ್ ಎಷ್ಟೋ ಮೇಲು, ಒಂದು ತೊಡಕು ಬಿಟ್ಟರೆ. ಉತ್ತರಕ್ಕೆ ತಕ್ಕಂತೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಚೆಕ್‌ಬಾಕ್ಸ್ ಪ್ರಶ್ನೆಗೆ ಇಲ್ಲ. ಹಾಲು, ಗೋಧಿ ಎರಡೂ ಆಗದವರನ್ನು ಎರಡು ವಿಭಾಗಗಳಿಗೆ ಕರೆದೊಯ್ಯಲಾಗದು. ಹಾಗಾಗಿ ಒಂದೊಂದು ಪದಾರ್ಥಕ್ಕೂ ಒಂದು ಪ್ರಶ್ನೆ ಇಟ್ಟು, 'ಆಗುತ್ತದೆ', 'ಸ್ವಲ್ಪವಾದರೆ ಆಗುತ್ತದೆ', 'ಸೋಂಕಿದರೂ ಆಗದು' ಎಂದು ಮೂರು ಉತ್ತರ ಕೊಡಿ. ಹಾಲು ಜೀರ್ಣವಾಗದ ಹಲವರಿಗೆ ಮೊಸರು ಒಗ್ಗುತ್ತದೆ. ಸೀಲಿಯಾಕ್ (ಗೋಧಿಯಂಥ ಧಾನ್ಯದ ಗ್ಲುಟೆನ್ ಎಂಬ ಪ್ರೋಟೀನಿನಿಂದ ಕರುಳು ಕೆಡುವ ಕಾಯಿಲೆ) ಇದ್ದವರಿಗೆ ಚಪಾತಿಯ ಪುಡಿ ತಾಗಿದರೂ ತೊಂದರೆ. ಉತ್ತರ ತಿದ್ದುವ ಅವಕಾಶವನ್ನೂ ತೆರೆದಿಡಿ. ಇಲ್ಲದಿದ್ದರೆ ಒಬ್ಬರೇ ಮತ್ತೆ ತುಂಬಿ, ಉತ್ತರಗಳು ಸೇರುವ ಗೂಗಲ್ ಶೀಟಿನ ಲೆಕ್ಕದಲ್ಲಿ ಇಬ್ಬರಾಗುತ್ತಾರೆ.

ಇದರ ನಿಜವಾದ ಸೋಲು ಮೆನು ಕಡೆಯದು. 'ಸಾರು: ಗೋಧಿ ಇಲ್ಲ' ಎಂದು ಶೀಟಿನಲ್ಲಿ ಬರೆದಿರುತ್ತೇವೆ. ಸ್ಟೋರಿಗೆ ಬೇರೆ ಬ್ರ್ಯಾಂಡಿನ ಇಂಗು ಬರುತ್ತದೆ. ಡಬ್ಬಿಯ ಇಂಗಿಗೆ ಸಾಮಾನ್ಯವಾಗಿ ಮೈದಾ ಅಥವಾ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಅಕ್ಕಿ ಹಿಟ್ಟಿನದೂ ಸಿಗುತ್ತದೆ. ಒಂದು ಡಬ್ಬಿ ಬದಲಾದರೆ ಸಾರು, ಹುಳಿ, ಒಗ್ಗರಣೆ ಬಿದ್ದ ಪಲ್ಯ ಎಲ್ಲವೂ ಬದಲಾದಂತೆ. ಅಷ್ಟೂ ಸಾಲುಗಳನ್ನು ಕೂತು ತಿದ್ದುವವರು ಯಾರು? ತೆಂಗಿನಕಾಯಿ ದುಬಾರಿಯಾದಾಗ ಭಟ್ಟರು ಚಟ್ನಿಗೆ ಕಡಲೆಬೀಜ ಸೇರಿಸಿದರೂ ಮೆನುವಿನಲ್ಲಿ ಅದು ಬರೀ 'ಚಟ್ನಿ'.

ಆಪ್‌ಶೀಟ್ ಗೆಲ್ಲುವುದು ಇಲ್ಲೇ. ಅದೇ ಗೂಗಲ್ ಶೀಟಿನ ಮೇಲೆ ಕೋಡ್ ಬರೆಯದೆ ಆ್ಯಪ್ ಕಟ್ಟಬಹುದು. ನಾಲ್ಕು ಕೋಷ್ಟಕ ಬೇಕು: ವಿದ್ಯಾರ್ಥಿ, ಪದಾರ್ಥ, ಅಡುಗೆ, ಯಾವ ಅಡುಗೆಗೆ ಯಾವ ಪದಾರ್ಥ ಎಂಬ ಜೋಡಣೆ. ಅಲರ್ಜಿಯ ಗುರುತು ಪದಾರ್ಥದ ಮೇಲಿರಲಿ, ಅಡುಗೆಯ ಮೇಲಲ್ಲ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಎಂಟು ಗುಂಪುಗಳಿಂದ ಶುರು ಮಾಡಿ: ಗ್ಲುಟೆನ್ ಇರುವ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ ಮತ್ತು ಗೋಡಂಬಿಯಂಥ ಬೀಜಗಳು, ಸೋಯಾ, ಸಲ್ಫೈಟ್ (ಆಹಾರ ಕೆಡದಂತೆ ಹಾಕುವ ರಾಸಾಯನಿಕ). ಆ ಪಟ್ಟಿಯಲ್ಲಿ ಎಳ್ಳು, ಸಾಸಿವೆ ಇಲ್ಲ; ನಮ್ಮ ಅಡುಗೆಗೆ ಅವೆರಡನ್ನೂ, ಜೈನರಿಗಾಗಿ ಗೆಡ್ಡೆಗಳನ್ನೂ ಸೇರಿಸಲೇಬೇಕು. ಹೊಸ ಪ್ಯಾಕೆಟ್ ಬಂದಾಗ ಸ್ಟೋರಿನವರು ಲೇಬಲ್ಲಿನ ಫೋಟೋ ತೆಗೆದು ಒಂದು ಸಾಲು ತಿದ್ದಿದರೆ, ಆ ಪದಾರ್ಥ ಬಿದ್ದ ಅಡುಗೆಗಳೆಲ್ಲ ತಾವೇ ಕೆಂಪಾಗುತ್ತವೆ. ಸೋಯಾ ಸಾಸ್ ಬಗ್ಗೆ ಎಚ್ಚರ: ಹೆಚ್ಚಿನವುಗಳಲ್ಲಿ ಗೋಧಿಯೂ ಇರುತ್ತದೆ.

ಸೆಕ್ಯೂರಿಟಿ ಫಿಲ್ಟರ್ ಹಾಕಿ, ಪ್ರತಿಯೊಬ್ಬರಿಗೂ ಅವರವರ ಸಾಲು ಮಾತ್ರ ಕಾಣುವಂತೆ ಮಾಡಿ. ಹತ್ತು ಜನರವರೆಗಿನ ಪ್ರಯೋಗ ಉಚಿತ; ಮುಂದಕ್ಕೆ ತಲೆಗಿಷ್ಟು ಎಂದು ಶುಲ್ಕ. ಕಾಲೇಜಿನ ಗೂಗಲ್ ಖಾತೆಯಲ್ಲೇ ಆಪ್‌ಶೀಟ್ ಸೇರಿದೆಯೇ ಎಂದು ಮೊದಲು ವಿಚಾರಿಸಿ. ಇಲ್ಲದಿದ್ದರೆ ಫಾರ್ಮನ್ನೇ ಉಳಿಸಿಕೊಂಡು ಶೀಟನ್ನು ಈ ನಾಲ್ಕು ಕೋಷ್ಟಕಗಳಾಗಿ ಒಡೆಯಿರಿ. ನೋಡಲು ಚಂದವಿಲ್ಲ, ಕೆಲಸ ನಡೆಯುತ್ತದೆ.

ಯಾವ ಆ್ಯಪಿಗೂ ಕಾಣದ್ದು ಇನ್ನೂ ಇದೆ. ಗೋಬಿ ಮಂಚೂರಿ ಕರಿದ ಎಣ್ಣೆಯಲ್ಲೇ ಹಪ್ಪಳ, ಚಪಾತಿ ಬೇಯಿಸಿದ ಕಾವಲಿಯಲ್ಲೇ ದೋಸೆ, ಗೋಧಿ ಬೀಸಿದ ಗಿರಣಿಯಲ್ಲೇ ರಾಗಿ, ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹಾರುವ ಸೌಟು. 'ಸೋಂಕಿದರೂ ಆಗದು' ಎಂದವರ ಊಟವನ್ನು ಕೌಂಟರ್ ತೆರೆಯುವ ಮೊದಲೇ ತೆಗೆದು, ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹೆಸರು ಅಂಟಿಸಿ ಇಡಬೇಕು. ಒಲೆ ಮುಂದೆ ನಿಂತ ಭಟ್ಟರು ಫೋನ್ ನೋಡುವುದಿಲ್ಲ. ಸಂಜೆ 4ಕ್ಕೆ ಆ್ಯಪಿನ ಪಟ್ಟಿಯನ್ನು ಒಂದೇ ಹಾಳೆಗೆ, ದಪ್ಪ ಕನ್ನಡ ಅಕ್ಷರದಲ್ಲಿ ಪ್ರಿಂಟ್ ಹಾಕಿ ಒಗ್ಗರಣೆ ಡಬ್ಬಿಯ ಮೇಲಿನ ಗೋಡೆಗೆ ಅಂಟಿಸಿ.