ಬೆಂಗೇರಿಯ ಖಾದಿ ಬಾವುಟ: ಒಬ್ಬ ಟೇಲರ್ ಕಂಡಂತೆ

ನಾನು ಧಾರವಾಡದ ಸಪ್ತಾಪುರದಲ್ಲಿ ಬ್ಲೌಸ್ ಹೊಲಿಯುವವಳು. ಯಾವ ಬಟ್ಟೆ ಕೈಗೆ ಸಿಕ್ಕರೂ ಮೊದಲು ತಿರುವಿ ಒಳಗಿನ ಹೊಲಿಗೆ ನೋಡುತ್ತೇನೆ. ಇದು ಚಟ. ಮದುವೆ ಮನೆಯಲ್ಲಿ ಬೀಗರ ಸೆರಗನ್ನೂ ಬಿಟ್ಟಿಲ್ಲ. ಹೀಗಾಗಿ ನಮ್ಮ ಓಣಿಯವರು ಪಟ್ಟಿ ಎತ್ತಿ, ಆಗಸ್ಟ್ 15ಕ್ಕೆಂದು ಹುಬ್ಬಳ್ಳಿಯ ಬೆಂಗೇರಿಯಿಂದ ಖಾದಿ ಬಾವುಟ ತರಿಸಿದಾಗ ಅದನ್ನು ಬಿಚ್ಚಿ ನೋಡುವ ಕೆಲಸ ನನ್ನ ಪಾಲಿಗೇ ಬಂತು.

ನಾವು ತರಿಸಿದ್ದು 900 × 600 ಮಿಲಿಮೀಟರಿನದು. ಅಂದರೆ ಸುಮಾರು ಮೂರಡಿ ಉದ್ದ, ಎರಡಡಿ ಅಗಲ. ಕೇಸರಿ, ಬಿಳಿ, ಹಸಿರು ಮೂರೂ ಬೇರೆ ಬೇರೆ ಪಟ್ಟಿ, ಜೋಡಿಸಿ ಹೊಲಿದಿದ್ದಾರೆ. ಹಿಂದೆ ತಿರುವಿದೆ. ಅಂಚು ಮಡಚಿ ಕೂಡಿಸಿದ ಹೊಲಿಗೆ, ಒಂದು ಎಳೆ ಹೊರಗೆ ಇಣುಕಿಲ್ಲ. ಬಾವುಟಕ್ಕೆ ಮುಂದು ಹಿಂದು ಅಂತ ಇಲ್ಲವಲ್ಲ, ಗಾಳಿ ತಿರುಗಿದರೆ ಒಳಗಿನದೇ ಹೊರಗೆ. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದೆ. ಚಕ್ರವನ್ನು ಎರಡೂ ಕಡೆ ಅಚ್ಚು ಹಾಕಿರುತ್ತಾರೆ. 24 ಕಡ್ಡಿಗಳೂ ಒಂದರ ಮೇಲೊಂದು ಕೂತಿದ್ದವು. ಬ್ಲೌಸಿನ ಎರಡು ತೋಳಿಗೆ ಬಾರ್ಡರ್ ಸಮ ಹೊಂದಿಸುವುದರಲ್ಲೇ ನನಗೆ ಸಾಕಾಗಿ ಹೋಗುತ್ತದೆ! ಕಂಬದ ಕಡೆಗೆ ಗಟ್ಟಿ ಬಿಳಿ ಪಟ್ಟಿ, ಅದರೊಳಗೆ ಹಗ್ಗ, ಮೇಲ್ತುದಿಗೆ ಸಿಕ್ಕಿಸಲು ಕಟ್ಟಿಗೆಯ ಸಣ್ಣ ತುಂಡು. ಅಲ್ಲಿ ಹೊಲಿಗೆ ಜಾಸ್ತಿ ಹಾಕಿದ್ದಾರೆ. ಹಾಕಲೇಬೇಕು, ಎಳೆತ ಬೀಳುವುದೇ ಅಲ್ಲಿ.

ಇದನ್ನು ಮಾಡುವುದು 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ. ಬಾಗಲಕೋಟೆ ಕಡೆ ಬಟ್ಟೆ ನೇಯುತ್ತಾರೆ, ಬೆಂಗೇರಿಯಲ್ಲಿ ಕತ್ತರಿಸಿ ಹೊಲಿಯುತ್ತಾರೆ. ಹೆಚ್ಚಿನವರು ಹೆಂಗಸರೇ. ನೂಲು, ನೇಯ್ಗೆ, ಬಣ್ಣ, ಅಳತೆ ಎಲ್ಲಕ್ಕೂ ಬಿಐಎಸ್, ಅಂದರೆ ಸರಕಿನ ಗುಣಮಟ್ಟ ಗೊತ್ತುಮಾಡುವ ಸರ್ಕಾರಿ ಸಂಸ್ಥೆಯ ಲೆಕ್ಕ ಇದೆ. ಆ ಮಾನದಂಡದ ಹೆಸರು ಐಎಸ್ 1. ದೇಶದ ಮಾನದಂಡಗಳಲ್ಲಿ ನಂಬರ್ ಒಂದು ಬಾವುಟದ್ದೇ.

ನನ್ನ ಅಂಗಡಿ ಮೇಲಿನ ರೂಮಿನಲ್ಲಿ ಐಎಎಸ್‌ಗೆ ಓದುವ ಹುಡುಗನೊಬ್ಬ ಇದ್ದಾನೆ. ಸಪ್ತಾಪುರದಲ್ಲಿ ಕಲ್ಲು ಒಗೆದರೆ ಇಂಥವನೊಬ್ಬನಿಗೆ ಬೀಳುತ್ತದೆ ಬಿಡಿ. ಪ್ಯಾಂಟಿನ ಕಾಲು ಮಡಚಿಸಲು ಬಂದವನ ಕೈಯಲ್ಲಿ ನೀತಿಶಾಸ್ತ್ರದ ನೋಟ್ಸ್. ಅದಕ್ಕೇ 250 ಅಂಕದ ಒಂದು ಪತ್ರಿಕೆ ಇದೆಯಂತೆ. "ಅಕ್ಕಾ, ಪ್ರಾಮಾಣಿಕತೆಗೆ ಒಂದು ಉದಾಹರಣೆ ಹೇಳ್ರಿ, ಗಾಂಧೀಜಿ ಬಿಟ್ಟು" ಅಂದ. ನಾನು ಬಾವುಟ ಹಾಸಿ ಮೂಲೆ ತೋರಿಸಿದೆ. "ಇದನ್ನ ಹೊಲಿದಾಕಿ ಹೆಸರು ಎಲ್ಲೂ ಇಲ್ಲ. ಆದ್ರೂ ಕೆಲಸ ನೋಡು" ಅಂದೆ. ಹುಡುಗ ಜಾಣ. "ಪರೀಕ್ಷೆ ಮಾಡ್ತಾರಲ್ರಿ, ಅಂಜಿಕಿಗೆ ಮಾಡಿರ್ತಾರ" ಅಂದುಬಿಟ್ಟ.

ಖರೇನೇ. ಅಂಜಿ ಹೊಲಿದದ್ದೋ, ಮನಸ್ಸಿಟ್ಟು ಹೊಲಿದದ್ದೋ, ಬಟ್ಟೆ ನೋಡಿ ಹೇಳಲಾಗದು. ಆದರೆ ಮಷಿನ್ ತುಳಿದು ಗೊತ್ತಿದ್ದವಳಾಗಿ ಒಂದು ಮಾತು. ಸಂಜೆ ಆರಕ್ಕೆ ಕಣ್ಣು ಸೋತಿರುತ್ತದೆ, ನಡ ಹಿಡಿದಿರುತ್ತದೆ, ಹೊಲಿಗೆ ಒಂದು ದಾರದಷ್ಟು ಸರಿದಿರುತ್ತದೆ. ಯಾವ ಇನ್‌ಸ್ಪೆಕ್ಟರನಿಗೂ ಅದು ಕಾಣುವುದಿಲ್ಲ. ಅದನ್ನು ಬಿಚ್ಚಿ ಮತ್ತೆ ಹಾಕಬೇಕೋ, ಬಿಡಬೇಕೋ? ಅಂಜಿಕೆ ಆ ಹೊತ್ತಿಗೆ ಮನೆಗೆ ಹೋಗಿರುತ್ತದೆ. ಒಳ್ಳೆಯವರಾಗಿ ಬಾಳುವುದು ಅಂತ ಮೊಬೈಲಿನಲ್ಲಿ ದಿನಾ ಭಾಷಣ ಬರುತ್ತದೆ. ಅವು ನನಗೆ ಅಷ್ಟಕ್ಕಷ್ಟೆ. ಈ ಬಿಚ್ಚಿ ಹೊಲಿಯುವುದು ಮಾತ್ರ ತಿಳಿಯುತ್ತದೆ.

ಪಾಲಿಸ್ಟರ್ ಬಾವುಟ ತಪ್ಪೇ? ಅಲ್ಲ. 2021ರ ಡಿಸೆಂಬರ್ 30ರ ತಿದ್ದುಪಡಿಯಿಂದ ಧ್ವಜ ಸಂಹಿತೆಯೇ (ಬಾವುಟದ ನಿಯಮಗಳು) ಅದಕ್ಕೂ, ಮಷಿನ್ ಬಟ್ಟೆಗೂ ಒಪ್ಪಿದೆ. ಅಗ್ಗ, ಹಗುರ, ಬೇಗ ಒಣಗುತ್ತದೆ. ಎಲ್ಲರ ಮನೆ ಮೇಲೂ ಹಾರಲಿ. ಹಿಂದೆ ನಮ್ಮ ಓಣಿಗೆ ಬಂದದ್ದರಲ್ಲಿ ಚಕ್ರ ಮೊಟ್ಟೆಯಂತಿತ್ತು, ಹಸಿರು ಪಟ್ಟಿ ಕೇಸರಿಗಿಂತ ಅಗಲ. ಮರುದಿನ ಅರ್ಧ ಗಟಾರದಲ್ಲಿ. ಅಷ್ಟು ಅಗ್ಗವಾದದ್ದನ್ನು ಯಾರೂ ಮಡಚಿ ಇಡುವುದಿಲ್ಲ, ನನಗೆ ಬೇಸರವಾದದ್ದು ಅದಕ್ಕೆ.

ಖಾದಿಯ ತೊಂದರೆ ಎರಡು. ರೇಟು ಜಾಸ್ತಿ. ತೊಯ್ದರೆ ಭಾರ, ಸಣ್ಣ ಗಾಳಿಗೆ ಏಳುವುದಿಲ್ಲ. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ನಮ್ಮದು ಕಂಬಕ್ಕೆ ಅಂಟಿಕೊಂಡೇ ನಿಂತಿತ್ತು. 2022ರಿಂದ ಮನೆ ಮೇಲೆ ರಾತ್ರಿಯೂ ಹಾರಿಸಬಹುದು, ಆದರೂ ಸಂಜೆಗೆ ಇಳಿಸಿ ನೆರಳಲ್ಲಿ ಒಣಗಿಸಿ. ಹಸಿ ಮಡಚಿದರೆ ಬೂಸು ಹಿಡಿಯುತ್ತದೆ.

ಟೇಬಲ್ಲಿಗಾದರೆ 150 × 100 ಮಿಲಿಮೀಟರಿನದು ಕೇಳಿ. 225 × 150ರದ್ದು ಕಾರಿನ ಅಳತೆ, ಆದರೆ ಕಾರಿನ ಮೇಲೆ ಹಾರಿಸುವ ಹಕ್ಕು ರಾಷ್ಟ್ರಪತಿ, ಮಂತ್ರಿಗಳಂಥವರಿಗೆ ಮಾತ್ರ. ಸುಮ್ನೆ ಕೊಳ್ಳಬೇಡಿ. ದೊಡ್ಡದು ಬೇಕಿದ್ದರೆ ನಮ್ಮ ಹಾಗೆ ಓಣಿಯವರು ಕೂಡಿ ತನ್ನಿ, ಮನೆಗೆ ಒಂದು ಪ್ಲೇಟ್ ಗಿರ್ಮಿಟ್-ಮಿರ್ಚಿಯ ದುಡ್ಡಿನಲ್ಲಿ ಮುಗಿಯುತ್ತದೆ.

ಐದಕ್ಕೆ ನಾಲ್ಕೂವರೆ ಸ್ಟಾರ್. ಅರ್ಧ ಕಳೆದದ್ದು ಧಾರವಾಡದ ಮಳೆಗೆ.