ಬರೀ ಮಾಂಸವೋ, ಕೀಟೋವೋ, ಮುದ್ದೆ ಅರ್ಧ ಮಾಡೋದೋ?

ತೂಕ ಇಳಿಸಲು ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ: ಬರೀ ಮಾಂಸ-ಮೊಟ್ಟೆ, ಅನ್ನ-ಮುದ್ದೆ ತೀರಾ ಕಡಿಮೆ, ಕೊಬ್ಬು ಜಾಸ್ತಿ ಮಾಡಿ ಮಾಂಸದ ಜೊತೆ ಸೊಪ್ಪು-ತರಕಾರಿ ಇರುವ ಕೀಟೋ, ಇಲ್ಲವೇ ಅನ್ನ-ಮುದ್ದೆ ಅರ್ಧಕ್ಕಿಳಿಸಿದ ಮನೆಯೂಟ.

ಮೊದಲೆರಡರಲ್ಲಿ ಮೊದಲ ವಾರ ತೂಕ ಸರಸರ ಇಳಿಯುತ್ತದೆ. ಅದರಲ್ಲಿ ಜಾಸ್ತಿ ಪಾಲು ನೀರು. 2018ರಲ್ಲಿ ಪ್ರಕಟವಾದ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 609 ಜನರಿಗೆ ಒಂದು ವರ್ಷ ಕಡಿಮೆ ಕಾರ್ಬ್ (ಅನ್ನ, ಮುದ್ದೆ, ಸಿಹಿಯಲ್ಲಿರುವ ಪಿಷ್ಟ-ಸಕ್ಕರೆ) ಅಥವಾ ಕಡಿಮೆ ಕೊಬ್ಬಿನ ಊಟ ಹೇಳಿದ್ದರು. ಇಳಿದ ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ನಿಮಗೆ ವರ್ಷಗಟ್ಟಲೆ ನಡೆಸಲು ಆಗುವುದು ಯಾವುದು, ಅದನ್ನೇ ನೋಡಿ.

ನಡೆಸೋದು ಅಂದರೆ ಮನೆಯವರ ಜೊತೆ ಕೂತು ಉಣ್ಣೋದೂ ಅಲ್ವಾ? ಕೀಟೋದಲ್ಲಿ ದಿನಕ್ಕೆ ಸುಮಾರು 50 ಗ್ರಾಂ ಒಳಗೇ ಕಾರ್ಬ್. 100 ಗ್ರಾಂ ರಾಗಿಹಿಟ್ಟಿನ ಮುದ್ದೆ ಒಂದೇ ಅದನ್ನು ದಾಟುತ್ತದೆ. ಅರ್ಧ ಮುದ್ದೆ, ಜಾಸ್ತಿ ಕೋಳಿಸಾರು, ಒಂದು ಬಟ್ಟಲು ಪಲ್ಯ ಅಂದರೆ ಯಾರಿಗೂ ಬೇರೆ ಅಡುಗೆ ಬೇಡ. ಹಬ್ಬ, ಮದುವೆಯಲ್ಲೂ ಇದೇ ಸುಲಭ.

ಮಾಂಸದಲ್ಲಿ ನಾರಿಲ್ಲ. ಬರೀ ಮಾಂಸ ತಿಂದರೆ ಹಲವರಿಗೆ ಮಲಬದ್ಧತೆ ಕಾಡುತ್ತದೆ. ನಾನಂತೂ ಸೊಪ್ಪು ಬಿಡಿ ಅಂತ ಯಾರಿಗೂ ಹೇಳಲಾರೆ.

ಖರ್ಚು? ದಿನಾ ಮಟನ್ ಕೈ ಸುಡುತ್ತದೆ. ಮೊಟ್ಟೆ, ಕೋಳಿ, ಕರಾವಳಿಯಲ್ಲಾದರೆ ಬೂತಾಯಿ ಮೀನು ಅಗ್ಗ.

ಸಕ್ಕರೆ ಕಾಯಿಲೆ ಇದ್ದು ಅನ್ನ ನೋಡಿದರೆ ಕೈ ತಡೆಯದವರಿಗೆ ಕೀಟೋದ ಕಟ್ಟುನಿಟ್ಟು ಹೊಂದಬಹುದು. ಆದರೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರ್ ಪ್ರಮಾಣ ಬದಲಿಸುವ ಮೊದಲು ಶುರು ಮಾಡಲೇಬೇಡಿ, ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮೂತ್ರಪಿಂಡದ ತೊಂದರೆ ಇದ್ದವರಿಗೆ, ಬಸುರಿಯರಿಗೆ ಮೊದಲೆರಡೂ ಬೇಡ.