ಕ್ರೆಡಿಟ್, ಡೆಬಿಟ್, ಗಿಫ್ಟ್ ಕಾರ್ಡ್: ಸಾಮಾನು ಬರದಿದ್ದರೆ ಯಾವುದು ಕೈಹಿಡಿಯುತ್ತದೆ?

ಕಾರ್ಡಲ್ಲಿ ಕೊಟ್ಟ ದುಡ್ಡು ಎಲ್ಲಿ ಹೋಗುತ್ತದೆ, ತಕರಾರು ಮಾಡಿದರೆ ವಾಪಸ್ ಬಂದೇ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಯಾವ ಕಾರ್ಡು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕ್ರೆಡಿಟ್, ಡೆಬಿಟ್, ಪ್ರೀಪೇಯ್ಡ್ (ಗಿಫ್ಟ್ ಕಾರ್ಡಿನ ಹಾಗೆ ಮೊದಲೇ ದುಡ್ಡು ತುಂಬಿಸಿಟ್ಟ ಕಾರ್ಡು) ಮೂರರಲ್ಲೂ ಇಂಥ ತಕರಾರು ಹೂಡಿ ನೋಡಿದ್ದೇನೆ. ದುಡ್ಡು ಮೂರರಲ್ಲೂ ಬಂತು. ಆದರೆ ಬರುವ ತನಕ ಪಟ್ಟ ಪಾಡು ಒಂದೇ ಥರ ಇರಲಿಲ್ಲ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮಗೆ ಗೊತ್ತಿಲ್ಲದೆ ಯಾರೋ ಕಾರ್ಡಿನಿಂದ ದುಡ್ಡು ಹೊಡೆದರೆ ಅದು ಒಂದು ಕಥೆ. ನಾವೇ ಓಟಿಪಿ ಹಾಕಿ ಕೊಂಡ ಸಾಮಾನು ಬರಲೇ ಇಲ್ಲ ಅಂದರೆ ಅದು ಬೇರೆಯೇ ಕಥೆ. ಮೊದಲನೆಯದಕ್ಕೆ ರಿಸರ್ವ್ ಬ್ಯಾಂಕು 2017ರ ಜುಲೈ ಸುತ್ತೋಲೆಯಲ್ಲಿ ನಿಯಮ ತಂದಿತು. ತಪ್ಪು ನಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ ಎಂದಾದರೆ 3 ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ಸಾಕು, ನಷ್ಟ ನಮ್ಮ ತಲೆಗೆ ಬರುವುದಿಲ್ಲ. ಬ್ಯಾಂಕು 10 ಕೆಲಸದ ದಿನದೊಳಗೆ ಅಷ್ಟನ್ನೂ ಖಾತೆಗೆ ಹಾಕಬೇಕು. ಬ್ಯಾಂಕಲ್ಲದ ಕಂಪನಿಗಳ ವಾಲೆಟ್, ಪ್ರೀಪೇಯ್ಡ್ ಕಾರ್ಡುಗಳಿಗೂ 2019ರ ಜನವರಿಯಲ್ಲಿ ಇಂಥದೇ ನಿಯಮ ಬಂತು. ಹಾಗಾಗಿ ಕಳ್ಳತನದ ವಿಷಯದಲ್ಲಿ ಮೂರಕ್ಕೂ ಹೆಚ್ಚುಕಮ್ಮಿ ಒಂದೇ ರಕ್ಷಣೆ.

ಸಾಮಾನು ಬರದಿದ್ದಾಗ ಈ ನಿಯಮ ಕೆಲಸಕ್ಕೆ ಬರುವುದಿಲ್ಲ. ಬ್ರಿಟನ್ನಿನಲ್ಲಿ 1974ರ ಕಾನೂನೊಂದಿದೆ. 100 ಪೌಂಡಿಗಿಂತ ಜಾಸ್ತಿ, 30,000 ಪೌಂಡಿನವರೆಗಿನ ವಸ್ತುವನ್ನು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡರೆ ಅಂಗಡಿಯ ಜೊತೆ ಕಾರ್ಡ್ ಕೊಟ್ಟವರೂ ಹೊಣೆ. ನಮ್ಮಲ್ಲಿ ಅಂಥದ್ದಿಲ್ಲ. ನಮಗಿರುವುದು ಚಾರ್ಜ್‌ಬ್ಯಾಕ್. ವೀಸಾ, ಮಾಸ್ಟರ್‌ಕಾರ್ಡ್, ರುಪೇ ತಮ್ಮ ಜಾಲಕ್ಕೆ ಮಾಡಿಕೊಂಡ ನಿಯಮ ಇದು. ನಮ್ಮ ಬ್ಯಾಂಕು ಅಂಗಡಿಯ ಬ್ಯಾಂಕಿನಿಂದ ದುಡ್ಡು ವಾಪಸ್ ಕೇಳುತ್ತದೆ. ಅಂಗಡಿಯವರು ಕಳಿಸಿದ್ದಕ್ಕೆ ಪುರಾವೆ ತೋರಿಸಬೇಕು, ಇಲ್ಲವೇ ದುಡ್ಡು ಬಿಡಬೇಕು.

ಕ್ರೆಡಿಟ್ ಕಾರ್ಡಿನಲ್ಲಿ ನಾನು ಕೊಂಡದ್ದು ಒಂದು ಕುರ್ಚಿ. ಚಿಕ್ಕ ವೆಬ್‌ಸೈಟ್, ಚೆಂದದ ಫೋಟೋ. ಕುರ್ಚಿ ಬರಲಿಲ್ಲ. ಫೋನ್ ಎತ್ತುವುದನ್ನೂ ನಿಲ್ಲಿಸಿದರು. ಆರ್ಡರ್ ಮೇಲ್, ನಾನು ಬರೆದ ಪತ್ರಗಳು, ಕೊಟ್ಟ ತಾರೀಖು ದಾಟಿದ್ದಕ್ಕೆ ಸ್ಕ್ರೀನ್‌ಶಾಟ್ ಎಲ್ಲ ಸೇರಿಸಿ ಬ್ಯಾಂಕಿನ ಡಿಸ್ಪ್ಯೂಟ್ ಫಾರಂ ತುಂಬಿದೆ. ಬ್ಯಾಂಕು ತಾತ್ಕಾಲಿಕವಾಗಿ ಅಷ್ಟು ಮೊತ್ತ ಜಮಾ ಮಾಡಿತು. ಅಂಗಡಿಯವರು ಉತ್ತರವನ್ನೇ ಕೊಡಲಿಲ್ಲ, ಜಮಾ ಕಾಯಂ ಆಯಿತು. ಇದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಗೆದ್ದದ್ದಲ್ಲ. ಜಗಳ ನಡೆಯುವಷ್ಟು ದಿನ ನನ್ನ ಉಳಿತಾಯ ಖಾತೆಯಿಂದ ಒಂದು ಪೈಸೆಯೂ ಕದಲಿರಲಿಲ್ಲ. ಕಾಯುವ ಕಷ್ಟ ಬ್ಯಾಂಕಿನದು, ನನ್ನದಲ್ಲ. (ಬಿಲ್ಲಿನಲ್ಲಿದ್ದ ಬೇರೆ ಖರ್ಚನ್ನು ಮಾತ್ರ ಹೊತ್ತಿಗೆ ಸರಿಯಾಗಿ ಕಟ್ಟಿದೆ. ತಕರಾರು ಇದೆ ಅಂತ ಇಡೀ ಬಿಲ್ಲು ತಡೆಹಿಡಿದರೆ ಬಡ್ಡಿ ಬೀಳುತ್ತದೆ.)

ಡೆಬಿಟ್ ಕಾರ್ಡಿಗೂ ಚಾರ್ಜ್‌ಬ್ಯಾಕ್ ಇದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ. ನನ್ನ ಅನುಭವದಲ್ಲಿ ಬ್ಯಾಂಕ್ ಶಾಖೆಯವರಿಗೂ ಗೊತ್ತಿರಲಿಲ್ಲ. "ನೀವು ಅಂಗಡಿಯವರ ಹತ್ರಾನೇ ಮಾತಾಡಿ ಸಾರ್" ಎಂದು ಸಾಗಹಾಕಲು ನೋಡಿದರು. ಕೊನೆಗೆ ಕಸ್ಟಮರ್ ಕೇರ್ ಮೂಲಕ ಅದೇ ಥರದ ಫಾರಂ ಸಿಕ್ಕಿತು, ಅದೇ ದಾಖಲೆ ಕೇಳಿದರು, ದುಡ್ಡೂ ಬಂತು. ಆದರೆ ಆ ದುಡ್ಡು ಮೊದಲ ದಿನವೇ ಖಾತೆಯಿಂದ ಹೋಗಿಯಾಗಿತ್ತು. ತಾತ್ಕಾಲಿಕ ಜಮಾ ಸಿಗಲಿಲ್ಲ. ಸ್ಕೂಲ್ ಫೀಸ್ ಕಟ್ಟುವ ತಿಂಗಳಲ್ಲಿ ನಮ್ಮದೇ ದುಡ್ಡಿಗೆ ನಾವೇ ಕಾಯುತ್ತಾ ಕೂರುವುದು ಬೇಜಾರಿನ ಕೆಲಸ, ಅಲ್ವಾ?

ಪ್ರೀಪೇಯ್ಡ್‌ನ ಗೋಳೇ ಬೇರೆ. ದೀಪಾವಳಿಗೆ ಆಫೀಸಿನಲ್ಲಿ ಕೊಟ್ಟ ಗಿಫ್ಟ್ ಕಾರ್ಡಿನಲ್ಲಿ ಮಿಕ್ಸಿ ಕೊಂಡೆವು. ಜಾರ್ ಒಡೆದು ಬಂತು. ಅಂಗಡಿ ತಕರಾರಿಲ್ಲದೆ ವಾಪಸ್ ತಗೊಂಡಿತು, ರಿಫಂಡ್ ಮಾಡಿದ್ದೇವೆ ಎಂದಿತು. ಎಲ್ಲಿಗೆ? ಅದೇ ಕಾರ್ಡಿಗೆ. ನಿಯಮವೇ ಹಾಗಿದೆ, ಪ್ರೀಪೇಯ್ಡ್‌ನಿಂದ ಹೋದದ್ದು ಪ್ರೀಪೇಯ್ಡ್‌ಗೇ ವಾಪಸ್. ಬ್ಯಾಲೆನ್ಸ್ ಖಾಲಿಯಾದ ಕಾರ್ಡನ್ನು ಯಾರು ಜೋಪಾನವಾಗಿ ಇಡುತ್ತಾರೆ? ಪುಣ್ಯಕ್ಕೆ ನಮ್ಮನೆಯವರು ಡ್ರಾಯರ್‌ನಲ್ಲಿ ಹಾಕಿಟ್ಟಿದ್ದರು. ಈ ಗಿಫ್ಟ್ ಕಾರ್ಡುಗಳ ಮಿತಿ 10,000 ರೂಪಾಯಿ. ಮತ್ತೆ ದುಡ್ಡು ತುಂಬಿಸುವ ಹಾಗಿಲ್ಲ, ನಗದು ತೆಗೆಯುವ ಹಾಗೂ ಇಲ್ಲ. ಹೋಗಿ ಕೇಳೋಣ ಅಂದರೆ ಶಾಖೆಯಿಲ್ಲ, ಹಿಂದೆ ಸಣ್ಣಕ್ಷರದಲ್ಲಿ ಒಂದು ಫೋನ್ ನಂಬರ್ ಅಷ್ಟೇ. ಆಫೀಸಿನಲ್ಲಿ ಕೇಳಿದರೆ ಕಾರ್ಡ್ ಕಂಪನಿಯ ಕಡೆ ಕೈ ತೋರಿಸಿದರು, ಅವರು ಅಂಗಡಿಯ ಕಡೆ. ರಿಫಂಡ್ ಕಾರ್ಡಿಗೆ ಬಂದು ಬಿದ್ದಾಗ ಅದರ ಅವಧಿ ಮುಗಿಯಲು ಸ್ವಲ್ಪವೇ ಬಾಕಿ ಇತ್ತು. ಸುಮ್ನೆ ಏನೋ ಒಂದು ಕೊಂಡು ಮುಗಿಸಿದೆವು.

ಮೂರರಲ್ಲೂ ಕಾಲಮಿತಿಯ ಮೇಲೆ ಕಣ್ಣಿರಲಿ. ಚಾರ್ಜ್‌ಬ್ಯಾಕ್‌ಗೆ ಸಾಮಾನ್ಯವಾಗಿ 120 ದಿನ ಎನ್ನುತ್ತಾರೆ. "ಮುಂದಿನ ವಾರ ಕಳಿಸ್ತೀವಿ" ಎಂದು ಎಳೆಯುವ ಅಂಗಡಿಗಳಿಗೂ ಈ ಲೆಕ್ಕ ಚೆನ್ನಾಗಿ ಗೊತ್ತು. ದೂರು ಕೊಟ್ಟ 30 ದಿನದಲ್ಲಿ ಬ್ಯಾಂಕು ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ) ಇದ್ದಾರೆ, ಸಹಾಯವಾಣಿ 14448. ಅಂಗಡಿಯ ಮೇಲೇ ದೂರಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈಗ ಹೊಸ ವೆಬ್‌ಸೈಟ್, ಮುಂಗಡ ಬುಕಿಂಗ್, ಬೆಲೆಬಾಳುವ ಸಾಮಾನು ಯಾವುದಿದ್ದರೂ ನಾನು ತೆಗೆಯುವುದು ಕ್ರೆಡಿಟ್ ಕಾರ್ಡ್. ಡೆಬಿಟ್ ಕಾರ್ಡ್ ಎದುರಿಗೆ ನಿಂತು ಕೊಳ್ಳುವ ಅಂಗಡಿಗೆ. ಗಿಫ್ಟ್ ಕಾರ್ಡ್ ಬಂದರೆ ಅವತ್ತೇ ಸೂಪರ್‌ಮಾರ್ಕೆಟ್ಟಿಗೆ ಹೋಗಿ ಅಕ್ಕಿ, ಬೇಳೆ, ಎಣ್ಣೆ ತಂದುಬಿಡುತ್ತೇವೆ. ಅವನ್ನು ರಿಟರ್ನ್ ಮಾಡುವ ಪ್ರಸಂಗ ಈವರೆಗೆ ಬಂದಿಲ್ಲ.